ದಡದ ಬಳಿ ನೀರಿನ ಮೇಲ್ಭಾಗದಲ್ಲಿ ಕಾಣುವ ಮೀನಿನ ಹಿಂಡು ಯಾವುದು? ಕರ್ನಾಟಕ ಕರಾವಳಿಯ ಮಟ್ಟಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾಜಾಳಿಯಿಂದ ತಲಪಾಡಿಯವರೆಗಿನ ನಮ್ಮ ಕರಾವಳಿಯಲ್ಲಿ ದಕ್ಕೆ, ಸೇತುವೆ, ಬಂಡೆ ಅಥವಾ ಮರಳದಂಡೆಯ ಮೇಲೆ ನಿಂತು ನೋಡುವವರಿಗೆ, ಎದೆಮಟ್ಟದಿಂದ ಎರಡು ಆಳು ಆಳದವರೆಗಿನ ನೀರಿನಲ್ಲಿ ಮೇಲ್ಗಡೆಯೇ ಸುಳಿಯುವ ಹಿಂಡುಗಳನ್ನು ಗುರುತಿಸಲು ನೆರವಾಗಲೆಂದು ಈ ಉತ್ತರಗಳನ್ನು ಬರೆಯಲಾಗಿದೆ. ಆಳಸಮುದ್ರದ ಮೀನುಗಳನ್ನಾಗಲಿ ತಳದಲ್ಲೇ ಇರುವ ಮೀನುಗಳನ್ನಾಗಲಿ ಇಲ್ಲಿ ಚರ್ಚಿಸಿಲ್ಲ. ಅವು ಮೇಲೆ ಬಂದು ಕಾಣಿಸಿಕೊಂಡರೆ ಅದಕ್ಕೆ ಬೇರೆಯೇ ಅರ್ಥವಿದ್ದು, ಅದನ್ನು ಮುಂದೆ ಹೇಳಲಾಗಿದೆ.

ಪುಸ್ತಕದ ಚಿತ್ರಕ್ಕೂ ನೀರಿನಲ್ಲಿ ಕಂಡ ಮೀನಿಗೂ ಹೋಲಿಕೆಯೇ ಸಿಗುವುದಿಲ್ಲ. ಏಕೆ?

ಪುಸ್ತಕದ ಚಿತ್ರಗಳೆಲ್ಲ ಮೀನನ್ನು ಮಗ್ಗುಲಿನಿಂದ ತೋರಿಸುತ್ತವೆ. ದಡದಲ್ಲಿ ನಿಂತವರು ನೋಡುವುದು ಬೆನ್ನನ್ನು. ಮೇಲ್ಪದರದಲ್ಲಿ ಬದುಕುವ ಬಹುತೇಕ ಮೀನುಗಳ ಬೆನ್ನು ನೀಲಿ ಅಥವಾ ಹಸಿರು ಮಿಶ್ರಿತ ಗಾಢ ಬಣ್ಣದ್ದಾಗಿದ್ದು, ಹೊಟ್ಟೆ ಬೆಳ್ಳಿಯ ಬಣ್ಣದ್ದಾಗಿರುತ್ತದೆ. ಮೇಲಿನಿಂದ ಎರಗುವ ಹಕ್ಕಿಗೆ ಬೆನ್ನು ಕಡಲಿನ ಬಣ್ಣದಲ್ಲಿ ಮರೆಯಾಗಬೇಕು, ಕೆಳಗಿನಿಂದ ಬರುವ ದೊಡ್ಡ ಮೀನಿಗೆ ಹೊಟ್ಟೆ ಆಕಾಶದ ಬೆಳಕಿನಲ್ಲಿ ಕರಗಬೇಕು ಎಂಬುದೇ ಈ ಏರ್ಪಾಡಿನ ಉದ್ದೇಶ. ಆದ್ದರಿಂದ ಮಗ್ಗುಲಿನ ಕಪ್ಪು ಚುಕ್ಕೆ, ಚಿನ್ನದ ಗೆರೆ ಮುಂತಾದ ಗುರುತುಗಳು ಮೀನು ಕೈಗೆ ಬಂದ ಮೇಲೆ ಉಪಯೋಗಕ್ಕೆ ಬರುತ್ತವೆಯೇ ಹೊರತು ದಡದಿಂದ ನೋಡುವವರಿಗಲ್ಲ. ಹಿಂಡು ಒಟ್ಟಿಗೆ ತಿರುಗುವಾಗ ಮಗ್ಗುಲು ಒಂದು ಕ್ಷಣ ಫಳಕ್ಕನೆ ಹೊಳೆಯುತ್ತದೆ. ಕಾಯಬೇಕಾದದ್ದು ಆ ಕ್ಷಣಕ್ಕಾಗಿ.

ಬೆಳಕಿನ ವಕ್ರೀಭವನದಿಂದ ನೀರು ಇದ್ದದ್ದಕ್ಕಿಂತ ಸುಮಾರು ಕಾಲು ಭಾಗ ಕಡಿಮೆ ಆಳವಾಗಿ ತೋರುತ್ತದೆ. ಒಂದು ಮೀಟರ್ ಕೆಳಗಿರುವ ಹಿಂಡು ಮುಕ್ಕಾಲು ಮೀಟರಿನಲ್ಲೇ ಇದ್ದಂತೆ ಕಾಣುವುದರಿಂದ, "ಮೀನು ನೀರಿನ ಮೇಲೆಯೇ ಇತ್ತು" ಎಂಬ ಮಾತನ್ನು ಸ್ವಲ್ಪ ತಗ್ಗಿಸಿಯೇ ಕೇಳಬೇಕಾಗುತ್ತದೆ.

ಹಾಗಾದರೆ ಮೊದಲು ಏನನ್ನು ನೋಡಬೇಕು?

ಬಣ್ಣವನ್ನಲ್ಲ, ಚಲನೆಯನ್ನು. ಹಿಂಡಿನ ಬಣ್ಣ ಸೂರ್ಯನ ಕೋನ, ಮೋಡ, ನೀರಿನ ಕೆಸರು ಮತ್ತು ತಳದ ಮರಳು ಇವುಗಳಿಗೆ ತಕ್ಕಂತೆ ಬದಲಾಗುತ್ತದೆ; ಒಂದೇ ಬೂತಾಯಿ (ಸಾರ್ಡೀನ್) ಹಿಂಡು ಬೆಳಿಗ್ಗೆ ಎಂಟಕ್ಕೆ ನೇರಳೆಯ ಕಲೆಯಂತೆಯೂ ಹತ್ತಕ್ಕೆ ಬರಿಯ ಕಪ್ಪು ನೆರಳಿನಂತೆಯೂ ಕಾಣಬಹುದು. ಮೀನುಗಳು ಒಂದೇ ದಿಕ್ಕಿಗೆ ಸಾಗುತ್ತಿವೆಯೇ, ಒಂದೇ ಕಡೆ ಸುತ್ತುತ್ತಿವೆಯೇ, ಬಾಯಿ ತೆರೆದಿವೆಯೇ, ನೆರಳು ಬಿದ್ದಾಗ ಇಡೀ ಹಿಂಡು ಒಮ್ಮೆಲೇ ಕೆಳಗಿಳಿಯುತ್ತದೆಯೇ ಅಥವಾ ಚದುರುತ್ತದೆಯೇ ಎಂಬುದನ್ನು ಮೊದಲು ಗಮನಿಸಬೇಕು. ಅನಂತರ ತಲೆಯ ಆಕಾರ, ಬೆನ್ನಿನ ಅಗಲ, ಬಾಲದ ಸೀಳು. ಉದ್ದವನ್ನು ಊಹಿಸಲು ಪಕ್ಕದಲ್ಲಿ ಪರಿಚಿತ ವಸ್ತು ಬೇಕೇ ಬೇಕು: ಬಲೆಯ ತೇಲುಗುಂಡು, ದೋಣಿಯ ಹಗ್ಗ, ತೇಲುವ ತೆಂಗಿನಕಾಯಿ, ಯಾವುದಾದರೂ ಸರಿ. ಅದಿಲ್ಲದೆ ಹೇಳಿದ ಉದ್ದ ಬಹುತೇಕ ಹೆಚ್ಚೇ ಆಗಿರುತ್ತದೆ.

ಮಳೆ ಬೀಳುತ್ತಿಲ್ಲ, ಆದರೂ ನೀರಿನ ಒಂದು ಭಾಗ ತುಂತುರು ಬಿದ್ದಂತೆ ಕುಣಿಯುತ್ತದೆ. ಅದು ಬೂತಾಯಿಯೋ ಬಂಗುಡೆಯೋ?

ಈ ಪುಟದಲ್ಲಿ ಅತಿ ಹೆಚ್ಚು ಕೇಳಲಾಗುವ ಪ್ರಶ್ನೆ ಇದು. ಎರಡೂ ಹೀಗೆ ಮಾಡುತ್ತವೆಯಾದರೂ ಮಾಡುವ ರೀತಿ ಬೇರೆ.

ಬೂತಾಯಿ, ಅಂದರೆ ಸಾರ್ಡಿನೆಲ್ಲಾ ಲಾಂಜಿಸೆಪ್ಸ್, ಒತ್ತೊತ್ತಾಗಿ ಸಾಗುವ ಮೀನು. ಅದರ ಹಿಂಡಿಗೆ ಸಾಮಾನ್ಯವಾಗಿ ಸ್ಪಷ್ಟವಾದ ಅಂಚಿರುತ್ತದೆ. ಯಾರೋ ನೀರಿನ ಮೇಲೆ ಕಂಬಳಿ ಹಾಸಿದಂತೆ ಒಳಗೆ ಕಪ್ಪು, ಹೊರಗೆ ತಿಳಿ. ಮೇಲಿನ ಸಾಲಿನ ಮೀನುಗಳು ನೀರಿನ ಮೈಯನ್ನು ತಟ್ಟುತ್ತಾ ಹೋಗುವುದರಿಂದ ಸಣ್ಣ, ಸಮನಾದ ಕಂಪನ ಉಂಟಾಗುತ್ತದೆ, ಗಾಳಿಯಿಲ್ಲದ ಮುಂಜಾನೆಯಾದರೆ ಸೋನೆ ಮಳೆಯಂಥ ಸದ್ದೂ ಕೇಳುತ್ತದೆ. ಕೆಲವೊಮ್ಮೆ ಹಿಂಡು ಕೆಳಗಿದ್ದು ಗುಳ್ಳೆಗಳು ಮಾತ್ರ ಮೇಲೆ ಬರುತ್ತವೆ. ಇದರ ಮುಖ್ಯ ಆಹಾರ ಸೂಕ್ಷ್ಮ ಸಸ್ಯಪ್ಲವಕಗಳಾದ ಡಯಾಟಮ್‌ಗಳು. ಅವನ್ನು ಕಿವಿರಿನ ಸೂಕ್ಷ್ಮ ಜರಡಿಯಿಂದ ಸೋಸಿ ತಿನ್ನುವುದರಿಂದ, ಮೇಯುವಾಗ ಹೆಚ್ಚಿನ ಗದ್ದಲ ಇರುವುದಿಲ್ಲ.

ಬಂಗುಡೆ, ಅಂದರೆ ರಾಸ್ಟ್ರೆಲ್ಲಿಗರ್ ಕನಗುರ್ತ, ಹೆಚ್ಚು ವೇಗದ ಮೀನು. ಮೇಯುವಾಗ ಬಾಯಿಯನ್ನು ಪೂರ್ತಿ ಅಗಲಿಸಿ, ಕಿವಿರು ಮುಚ್ಚಳಗಳನ್ನು ಹೊರಕ್ಕೆ ಚಾಚಿ, ನೀರನ್ನು ಸೋಸುತ್ತಾ ಮುನ್ನುಗ್ಗುತ್ತದೆ. ಮೇಲಿನಿಂದ ನೋಡಿದರೆ ಆಗ ತಲೆ ಇದ್ದಕ್ಕಿದ್ದಂತೆ ಎರಡು ಪಟ್ಟು ಅಗಲವಾದಂತೆ ತೋರುತ್ತದೆ, ಬಾಯಿಯೊಳಗಿನ ಬಿಳುಪು ನೀರಿನಲ್ಲಿ ಸಾಲು ಸಾಲು ಚುಕ್ಕೆಗಳಾಗಿ ತೆರೆದು ಮುಚ್ಚುತ್ತದೆ. ಕಾರವಾರದ ಕಡೆಯ ಒಂದು ಜೆಟ್ಟಿಯ ಕಂಬಕ್ಕೆ ಒರಗಿ ಇದನ್ನು ನಾನು ಮೊದಲ ಬಾರಿ ನೋಡಿದಾಗ, ನೂರಾರು ಬಿಳಿ ಗುಂಡಿಗಳನ್ನು ಯಾರೋ ಒಂದೇ ಸಮಯಕ್ಕೆ ಬಿಚ್ಚಿ ಹಾಕುತ್ತಿದ್ದಾರೆ ಎನ್ನಿಸಿತ್ತು. ಈ ಬಿಳಿ ಬಾಯಿಗಳನ್ನು ಕಂಡವರು ಅದು ಬೂತಾಯಿಯಲ್ಲ, ಬಂಗುಡೆ ಎಂದು ಧೈರ್ಯವಾಗಿ ಬರೆದುಕೊಳ್ಳಬಹುದು. ನೀರು ತಿಳಿಯಾಗಿದ್ದರೆ ಬೆನ್ನಿನ ಮೇಲ್ಭಾಗದ ಗಾಢ ಗೆರೆಗಳೂ ಬೆನ್ನಿನ ಈಜುರೆಕ್ಕೆಯ ಇಕ್ಕೆಲದ ಸಣ್ಣ ಚುಕ್ಕೆಗಳೂ ಕಾಣುತ್ತವೆ.

ಪ್ರಾಸಂಗಿಕವಾಗಿ ಹೇಳುವುದಾದರೆ, 'ಕನಗುರ್ತ' ಎಂಬುದು ತೆಲುಗಿನ ಹೆಸರು. ಪ್ಯಾಟ್ರಿಕ್ ರಸೆಲ್ ವಿಶಾಖಪಟ್ಟಣದ ಮೀನುಗಳ ಬಗ್ಗೆ 1803ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ಹಾಗೆಯೇ ದಾಖಲಿಸಿದ್ದು, ಕುವಿಯೆ 1816ರಲ್ಲಿ ಅದನ್ನೇ ವೈಜ್ಞಾನಿಕ ಹೆಸರಾಗಿಸಿದ. ಪೂರ್ವ ಕರಾವಳಿಯ ಬಲೆಗಾರರ ಮಾತು ನಮ್ಮ ಬಂಗುಡೆಯ ಬೆನ್ನೇರಿ ಲೋಕ ಸುತ್ತಿತು.

ಬೂತಾಯಿ, ಬೈಗೆ, ತಾರ್ಲೆ, ಮತ್ತಿ: ಇವೆಲ್ಲ ಒಂದೇ ಮೀನೇ?

ಒಂದೇ. ಮಂಗಳೂರು ಮತ್ತು ಉಡುಪಿಯಲ್ಲಿ ಬೂತಾಯಿ, ಕುಂದಾಪುರದ ಕಡೆ ಬೈಗೆ, ಉತ್ತರ ಕನ್ನಡದಲ್ಲಿ ಕೊಂಕಣಿಯ ಪ್ರಭಾವದಿಂದ ತಾರ್ಲೆ, ಕೇರಳದಲ್ಲಿ ಮತ್ತಿ ಅಥವಾ ಚಾಳ. ಆದರೆ ಮಾರುಕಟ್ಟೆಯಲ್ಲಿ ಈ ಹೆಸರುಗಳನ್ನು ಬೂತಾಯಿಯ ದಾಯಾದಿಗಳಾದ ಚಪ್ಪಟೆ ಮೈಯ ಸಣ್ಣ ಸಾರ್ಡೀನುಗಳಿಗೂ ಹಚ್ಚುವುದುಂಟು. ಹೆಸರನ್ನಷ್ಟೇ ಬರೆದು ಕಳಿಸಿದರೆ ಗುರುತು ಖಚಿತವಾಗುವುದಿಲ್ಲ. ಯಾವ ಊರಿನಲ್ಲಿ ಕೇಳಿದ ಹೆಸರು ಎಂಬುದನ್ನೂ ಬರೆಯಬೇಕು.

ಕೈಗೆ ಸಿಕ್ಕ ಮೀನು ನಿಜವಾದ ಬೂತಾಯಿಯೇ ಎಂದು ತಿಳಿಯುವುದು ಹೇಗೆ?

ಕೈರಂಪಣಿ, ಅಂದರೆ ದಡಕ್ಕೆ ಎಳೆಯುವ ಸಣ್ಣ ಬಲೆ, ಎಳೆಯುವಲ್ಲಿ ಅಥವಾ ಬೀಸುಬಲೆ ಬಿಡಿಸುವಲ್ಲಿ ಒಂದು ಮೀನನ್ನು ಕೇಳಿ ಪಡೆದು ನೋಡಿ. ಕಿವಿರು ಮುಚ್ಚಳದ ಹಿಂದಿನ ಅಂಚಿನಲ್ಲಿ ಸ್ಪಷ್ಟವಾದ ಕಪ್ಪು ಮಚ್ಚೆ, ಅದರ ಹಿಂದೆ ಮಸುಕಾದ ಚಿನ್ನದ ಬಣ್ಣದ ಚುಕ್ಕೆ ಮತ್ತು ಮಗ್ಗುಲಿನ ನಡುವೆ ಅಷ್ಟೇ ಮಸುಕಾದ ಚಿನ್ನದ ಗೆರೆ ಇದ್ದು, ಮೈ ಉರುಟಾಗಿ ತಲೆ ಉದ್ದವಾಗಿದ್ದರೆ ಅದು ಬೂತಾಯಿ. ಮೈ ಚಪ್ಪಟೆಯಾಗಿದ್ದು, ಬೆನ್ನಿನ ಈಜುರೆಕ್ಕೆ ಆರಂಭವಾಗುವಲ್ಲಿ ಕಪ್ಪು ಕಲೆಯಿದ್ದರೆ ಅದು ಬೂತಾಯಿಯ ದಾಯಾದಿ. ಮೀನು ಒಣಗುತ್ತಾ ಹೋದಂತೆ ಚಿನ್ನದ ಗೆರೆ ಮಾಯವಾಗುತ್ತದೆ. ಅರ್ಧ ಗಂಟೆ ಬಿಸಿಲಿನಲ್ಲಿ ಬಿದ್ದ ಮೀನಿನ ಮೇಲೆ ಅದನ್ನು ಹುಡುಕುವುದು ವ್ಯರ್ಥ.

ಬಂಗುಡೆಯಂತೆಯೇ ಕಂಡಿತು, ಆದರೆ ಬಾಲದ ಹತ್ತಿರ ಗರಗಸದಂಥ ಒರಟು ಇತ್ತು. ಏನಿರಬಹುದು?

ಅದು ಬಂಗುಡೆಯಲ್ಲ, ಕೊಕ್ಕರ್‌ನ ಕುಟುಂಬಕ್ಕೆ ಸೇರಿದ ಮೀನು. ಬಂಗುಡೆಯ ಎರಡನೆಯ ಬೆನ್ನುರೆಕ್ಕೆಯ ಹಿಂದೆಯೂ ಗುದದ ಈಜುರೆಕ್ಕೆಯ ಹಿಂದೆಯೂ ಸಾಮಾನ್ಯವಾಗಿ ಐದೈದು ಕಿರುರೆಕ್ಕೆಗಳಿರುತ್ತವೆ, ಬಾಲದ ಬುಡ ಮುಟ್ಟಲು ನಯವಾಗಿರುತ್ತದೆ. ಬಾಲದ ಕಡೆಯ ಅರ್ಧದಲ್ಲಿ ಗಟ್ಟಿಯಾದ ದೊಡ್ಡ ಕವಚಹುರುಪೆಗಳಿದ್ದು ಐದಕ್ಕಿಂತ ಹೆಚ್ಚು ಕಿರುರೆಕ್ಕೆಗಳಿದ್ದರೆ ಅದು ಮೆಗಾಲಾಸ್ಪಿಸ್ ಕಾರ್ಡಿಲಾ. ಒಂದೇ ಒಂದು ಕಿರುರೆಕ್ಕೆ ಇದ್ದರೆ ಅದು ಡೆಕಾಪ್ಟೀರಸ್ ಜಾತಿ. ದಡದಿಂದ ನೋಡಿ ಇವನ್ನು ಬೇರ್ಪಡಿಸುವುದು ಬಹುತೇಕ ಅಸಾಧ್ಯವಾದ್ದರಿಂದ "ಬಂಗುಡೆ ಗಾತ್ರದ ವೇಗದ ಮೀನು" ಎಂದಷ್ಟೇ ಬರೆದುಕೊಂಡರೂ ಕುಂದಿಲ್ಲ.

ಅಳಿವೆಯಲ್ಲಿ, ಸೇತುವೆಯ ಕೆಳಗೆ, ಮೂತಿಯನ್ನು ನೀರಿನ ಮೈಗೆ ತಾಗಿಸಿ ನಿಧಾನವಾಗಿ ಸಾಗುವ ಬೂದು ಬಣ್ಣದ ಮೀನುಗಳು ಯಾವುವು?

ಮುಕ್ಕಾಲು ಪಾಲು ಸಂದರ್ಭಗಳಲ್ಲಿ ಮಾಲ ಮೀನು, ಅಂದರೆ ಮುಗಿಲಿಡೇ ಕುಟುಂಬದ ಮೀನು. ಕೊಂಕಣಿಯವರು ಶೇವಟೊ ಎನ್ನುತ್ತಾರೆ. ಕಾಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿಯ ಪಂಚಗಂಗಾವಳಿ, ಕೋಡಿ ಬೆಂಗ್ರೆಯ ಬಳಿ ಸೀತಾ–ಸ್ವರ್ಣಾ, ಮಂಗಳೂರಿನ ನೇತ್ರಾವತಿ–ಗುರುಪುರ, ಹೀಗೆ ನಮ್ಮ ಯಾವ ಅಳಿವೆಯಲ್ಲಿ ನಿಂತರೂ ಇವು ಕಾಣಸಿಗುತ್ತವೆ. ಉಪ್ಪುನೀರು, ಸಪ್ಪೆನೀರು ಎರಡಕ್ಕೂ ಹೊಂದಿಕೊಳ್ಳುವ ಮೀನು ಇದು.

ಮೇಲಿನಿಂದ ಗುರುತಿಸಲು ಇಷ್ಟು ಸುಲಭವಾದ ಮೀನು ಇನ್ನೊಂದಿಲ್ಲ. ತಲೆ ಅಗಲವಾಗಿ, ಮೇಲ್ಭಾಗ ತಟ್ಟೆಯಂತೆ ಚಪ್ಪಟೆಯಾಗಿರುತ್ತದೆ. ಎದೆಯ ಈಜುರೆಕ್ಕೆಗಳು ಮೈಯ ಮೇಲ್ಭಾಗದಲ್ಲೇ ಹುಟ್ಟುವುದರಿಂದ ಎರಡು ಪುಟ್ಟ ಹುಟ್ಟುಗಳಂತೆ ಪಕ್ಕಕ್ಕೆ ಚಾಚಿಕೊಂಡಿರುವುದು ಕಾಣುತ್ತದೆ. ಹುರುಪೆಗಳು ದೊಡ್ಡವಾದ್ದರಿಂದ ಬೆನ್ನಿನ ಉದ್ದಕ್ಕೂ ಗೆರೆಗಳು ಎಳೆದಂತೆ ತೋರುತ್ತದೆ. ಬೂತಾಯಿಯಂತೆ ಇವು ಒತ್ತೊತ್ತಾಗಿರದೆ, ಸಂತೆಗೆ ಹೊರಟವರಂತೆ ಹತ್ತು, ಹದಿನೈದು, ಮೂವತ್ತು ಎಂದು ಸಡಿಲವಾದ ಗುಂಪುಗಳಲ್ಲಿ ಸಾಗುತ್ತವೆ. ಬೆದರಿದಾಗ, ಕೆಲವೊಮ್ಮೆ ಯಾವ ಕಾರಣವೂ ಕಾಣದೆ, ನೀರಿನಿಂದ ಮೇಲಕ್ಕೆ ನೆಗೆದು ಮಗ್ಗುಲಾಗಿ ಬೀಳುತ್ತವೆ. ಆ ಚಪ್ಪಾಳೆಯಂಥ ಸದ್ದನ್ನು ಒಮ್ಮೆ ಕೇಳಿದವರು ಅದನ್ನು ಕತ್ತಲಲ್ಲೂ ಗುರುತಿಸುತ್ತಾರೆ. ಮಾಲದಲ್ಲಿ ಹಲವು ಜಾತಿಗಳಿದ್ದು, ಯಾವುದೆಂದು ಸೇತುವೆಯ ಮೇಲೆ ನಿಂತು ಹೇಳುವವರ ಮಾತನ್ನು ನಂಬಬೇಕಾಗಿಲ್ಲ.

ಅಪರೂಪಕ್ಕೆ ಇದೇ ಜಾಗದಲ್ಲಿ ಹೂಮೀನು ಬರುತ್ತದೆ. ಬೆನ್ನಿನ ಮೇಲೆ ಒಂದೇ ಈಜುರೆಕ್ಕೆ ಮತ್ತು ತೀರ ಆಳವಾಗಿ ಸೀಳಿದ ದೊಡ್ಡ ಬಾಲ ಇದ್ದರೆ ಅದು ಹೂಮೀನು; ಮಾಲಕ್ಕೆ ಬೆನ್ನುರೆಕ್ಕೆ ಎರಡು, ನಡುವೆ ಅಂತರವೂ ಇರುತ್ತದೆ.

ಮೊಣಕಾಲುದ್ದದ ನೀರಿನಲ್ಲಿ ಗಾಜಿನ ಚೂರುಗಳಂತಹ ಸಣ್ಣ ಮೀನುಗಳ ಮೋಡ ಕಂಡಿತು. ಮರಿಗಳೇ?

ಮರಿಗಳಿರಬಹುದು, ಬೊಳೆಂಜಿರ್ ಕೂಡ ಇರಬಹುದು. ಬೊಳೆಂಜಿರ್, ಕೊಲ್ಲತರು ಎಂದು ಕರೆಯುವ ಸ್ಟೋಲಿಫೋರಸ್ ಜಾತಿಗಳು ಬೆಳೆದ ಮೇಲೂ ಬೆರಳುದ್ದವೇ ಇರುತ್ತವೆ. ಮೈ ಅರೆಪಾರದರ್ಶಕವಾಗಿದ್ದು ಮಗ್ಗುಲಿನಲ್ಲಿ ಬೆಳ್ಳಿಯ ಪಟ್ಟೆ ಇರುತ್ತದೆ. ಮೇಲಿನಿಂದ ಕಾಣುವುದು ಬಹುಮಟ್ಟಿಗೆ ಎರಡು ಕಣ್ಣುಗಳು ಮತ್ತು ಅವುಗಳ ಹಿಂದಿನ ಒಂದು ತೆಳುವಾದ ಹೊಳಪು. ಕೈಯಲ್ಲಿ ಹಿಡಿದರೆ ಮೂತಿ ಬಾಯಿಗಿಂತ ಮುಂದೆ ಚಾಚಿರುವುದೂ ಬಾಯಿಯ ಸೀಳು ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿರುವುದೂ ಸ್ಪಷ್ಟವಾಗುತ್ತದೆ. ಬೂತಾಯಿಯ ಮರಿಗೆ ಈ ಎರಡೂ ಇಲ್ಲ.

ಕಡ್ಡಿಯಂತೆ ನೇರವಾಗಿ, ನೀರಿನ ಮೈಗೆ ಅಂಟಿಕೊಂಡಂತೆ ನಿಂತ ಮೀನುಗಳು?

ಎರಡೂ ದವಡೆಗಳು ಸೂಜಿಯಂತೆ ಉದ್ದವಾಗಿದ್ದರೆ ಸೂಜಿಮೂತಿಯ ಮೀನು. ಕೆಳದವಡೆ ಮಾತ್ರ ಉದ್ದವಾಗಿದ್ದು ಮೇಲಿನದು ಮೊಟಕಾಗಿದ್ದರೆ ಅರೆಮೂತಿಯ ಮೀನು. ಸೂಜಿಮೂತಿಯ ಮೀನಿನ ಮುಳ್ಳು ಹಸಿರು ಬಣ್ಣದ್ದಾಗಿರುತ್ತದೆ. ವಿಷವೆಂದು ಹೆದರಿ ಎಸೆಯಬೇಕಾಗಿಲ್ಲ. ರಾತ್ರಿ ಟಾರ್ಚ್ ಬಿಟ್ಟಾಗ ಇವು ಬೆಳಕಿನತ್ತ ಬಾಣದಂತೆ ನೆಗೆಯುವುದರಿಂದ, ನೀರಿನಲ್ಲಿ ನಿಂತವರು ದೀಪವನ್ನು ಮುಖದ ಮಟ್ಟದಲ್ಲಿ ಹಿಡಿಯಬಾರದು.

ಕಪ್ಪು ಚೆಂಡಿನಂತೆ ಉರುಳುತ್ತಾ ಹೋಗುವ ಹಿಂಡು ಯಾವುದು?

ಬಂಡೆಗಳಿರುವ ತಿಳಿನೀರಿನಲ್ಲಿ ಇದು ಬಿಳಿಗೆರೆಯ ಹಾವುಬಾಲದ ಬೆಕ್ಕುಮೀನಿನ, ಅಂದರೆ ಪ್ಲೊಟೋಸಸ್ ಲಿನಿಯೇಟಸ್‌ನ ಮರಿಗಳ ಹಿಂಡಾಗಿರುತ್ತದೆ. ನೋಡಲು ಬಲು ಚಂದ. ಆದರೆ ಬೆನ್ನಿನ ಮತ್ತು ಎದೆಯ ಮುಳ್ಳುಗಳಲ್ಲಿ ತೀವ್ರ ನೋವು ತರುವ ವಿಷವಿದೆ. ಕೈಯಲ್ಲಿ ಮುಟ್ಟುವುದಾಗಲಿ ಬರಿಗಾಲಿನಲ್ಲಿ ಹಿಂಡಿನೊಳಗೆ ನಡೆಯುವುದಾಗಲಿ ಕೂಡದು.

ಮೀನುಗಳು ಇಷ್ಟು ದಡಕ್ಕೆ, ಇಷ್ಟು ಮೇಲಕ್ಕೆ ಏಕೆ ಬರುತ್ತವೆ?

ಮೇವಿಗಾಗಿ, ಹೆದರಿ, ಇಲ್ಲವೇ ಉಸಿರಿಗಾಗಿ. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಕರಾವಳಿಗುಂಟ ಬೀಸುವ ಗಾಳಿ ಮೇಲಿನ ನೀರನ್ನು ಹೊರಕಡಲಿಗೆ ತಳ್ಳುತ್ತದೆ. ಅದರ ಜಾಗಕ್ಕೆ ಕೆಳಗಿನ ತಂಪು ನೀರು ಏರಿ ಬರುತ್ತದೆ. ಈ ನೀರಿನಲ್ಲಿ ಪೋಷಕಾಂಶ ಹೆಚ್ಚು, ಆಮ್ಲಜನಕ ಕಡಿಮೆ. ಪೋಷಕಾಂಶದಿಂದ ಡಯಾಟಮ್‌ಗಳು ಸೊಂಪಾಗಿ ಬೆಳೆದು ಬೂತಾಯಿಯನ್ನು ದಡದತ್ತ ಸೆಳೆಯುತ್ತವೆ. ಕೆಳಗಿನ ಉಸಿರುಗಟ್ಟಿಸುವ ಪದರ ಅದೇ ಮೀನನ್ನು ಮೇಲಕ್ಕೂ ದಡದ ಕಡೆಗೂ ಒತ್ತುತ್ತದೆ. ಬೂತಾಯಿ ಮೊಟ್ಟೆಯಿಡುವುದೂ ಮುಂಗಾರಿನಲ್ಲೇ ಆದ್ದರಿಂದ, ಮಳೆ ಹಿಂಜರಿಯುವ ಹೊತ್ತಿಗೆ ಮರಿಹಿಂಡುಗಳು ದಡದ ನೀರಿನಲ್ಲಿ ಕಾಣತೊಡಗುತ್ತವೆ. ಸೆಪ್ಟೆಂಬರಿನಿಂದ ಫೆಬ್ರವರಿಯವರೆಗೆ ಹಿಂಡು ನೋಡುವವರಿಗೆ ಒಳ್ಳೆಯ ಕಾಲ. ಹಾಗೆಂದು ಪ್ರತಿವರ್ಷವೂ ಬರುತ್ತವೆಂಬ ಭರವಸೆಯಿಲ್ಲ. ಬೂತಾಯಿಯಷ್ಟು ಏರಿಳಿತವಿರುವ ಮೀನು ನಮ್ಮ ಕಡಲಿನಲ್ಲಿ ಇನ್ನೊಂದಿರಲಾರದು.

ಹಿಂಡು ಬಾಯಿ ತೆರೆದು ಮೇಲೆಯೇ ನಿಂತಿದೆ, ನೆರಳು ಬಿದ್ದರೂ ಓಡುವುದಿಲ್ಲ. ಇದು ಮೇಯುವುದೇ?

ಅಲ್ಲ. ಮೇಯುವ ಮೀನು ಚಲಿಸುತ್ತಿರುತ್ತದೆ, ನೆರಳಿಗೆ ಬೆದರುತ್ತದೆ. ಒಂದೇ ಕಡೆ ನಿಂತು ಬಾಯಿ ಆಡಿಸುತ್ತಿದ್ದರೆ, ಜೊತೆಗೆ ತಳದಲ್ಲೇ ಇರಬೇಕಾದ ಕಾಣೆ, ನಂಗ್, ಏಡಿಗಳು ಅಂಚಿಗೆ ಬಂದಿದ್ದರೆ, ನೀರಿನಲ್ಲಿ ಆಮ್ಲಜನಕ ಕುಸಿದಿದೆ ಅಥವಾ ನೀರಿಗೆ ಏನೋ ಸೇರಿದೆ ಎಂದು ತಿಳಿಯಬೇಕು. ಅಂಥ ಮೀನನ್ನು ಬಾಚಿಕೊಂಡು ಮನೆಗೆ ಒಯ್ಯುವ ಬದಲು ಜಾಗ, ಸಮಯ, ನೀರಿನ ಬಣ್ಣ ಮತ್ತು ವಾಸನೆಯನ್ನು ಬರೆದುಕೊಂಡು ಮೀನುಗಾರಿಕೆ ಇಲಾಖೆಗೆ ತಿಳಿಸುವುದು ಸರಿಯಾದ ಕ್ರಮ.

ಹಿಂಡು ಎಂದುಕೊಂಡದ್ದು ಮೀನೇ ಅಲ್ಲದಿರಬಹುದೇ?

ಧಾರಾಳವಾಗಿ. ಮೋಡದ ನೆರಳು ಗಾಳಿಯ ವೇಗದಲ್ಲಿ ಸಾಗುತ್ತದೆ, ದಡವನ್ನೂ ಹತ್ತುತ್ತದೆ, ಹಿಂಡು ಹತ್ತುವುದಿಲ್ಲ. ಗಾಳಿ ಸೋಕಿದ ನೀರಿನ ಸುಕ್ಕು ಒಂದೇ ದಿಕ್ಕಿಗೆ ಓಡಿ ಅಳಿಸಿಹೋಗುತ್ತದೆ. ಬೇಸಿಗೆಯ ಆರಂಭದಲ್ಲಿ ಮರದ ಹುಡಿ ಚೆಲ್ಲಿದಂತೆ ಕಂದು ಪಟ್ಟೆಗಳು ತೇಲುತ್ತಿದ್ದರೆ ಅದು ಟ್ರೈಕೋಡೆಸ್ಮಿಯಂ ಎಂಬ ಸೂಕ್ಷ್ಮಜೀವಿ. ಅಂಬಲಿಯಂತೆ ಬಿಳಿಚಿದ ಗುಂಡು ಗುಂಡು ಆಕಾರಗಳು ಅಲೆಯ ಜೊತೆಗೇ ಏರಿಳಿದರೆ ಅವು ಲೋಳೆಮೀನುಗಳು, ಅಂದರೆ ಜೆಲ್ಲಿಗಳು. ಐದು ನಿಮಿಷ ಕಾದರೆ ಈ ಗೊಂದಲಗಳಲ್ಲಿ ಹೆಚ್ಚಿನವು ತಾವಾಗಿಯೇ ಪರಿಹಾರವಾಗುತ್ತವೆ.

ಹಕ್ಕಿಗಳಿಂದ ಏನಾದರೂ ತಿಳಿಯುತ್ತದೆಯೇ?

ಮೀನಿನ ಆಳ ಮತ್ತು ಗಾತ್ರ ತಿಳಿಯುತ್ತದೆ, ಜಾತಿಯಲ್ಲ. ರೀವ ಹಕ್ಕಿಗಳು ತಲೆಕೆಳಗಾಗಿ ಧುಮುಕುತ್ತಿದ್ದರೆ ಸಣ್ಣ ಮೀನು ತೀರ ಮೇಲಿದೆ. ಗರುಡ ಕಾಲಿನಿಂದ ಎತ್ತಿಕೊಂಡರೆ ಮೀನು ಸ್ವಲ್ಪ ದೊಡ್ಡದು. ಹಕ್ಕಿ ಸುತ್ತುತ್ತಿದ್ದರೂ ಎರಗದಿದ್ದರೆ ಹಿಂಡು ಕೆಳಗಿಳಿದಿದೆ. ಸಣ್ಣ ಮೀನುಗಳು ಇದ್ದಕ್ಕಿದ್ದಂತೆ ಬೀಸಣಿಗೆಯ ಆಕಾರದಲ್ಲಿ ನೀರಿನಿಂದ ಸಿಡಿದರೆ ಕೆಳಗೆ ಅಂಜಲ್, ಕೊಕ್ಕರ್ ಅಥವಾ ಕೇದಾರದಂಥ ಬೇಟೆಯ ಮೀನು ಅಟ್ಟುತ್ತಿದೆ ಎಂದು ಊಹಿಸಬಹುದು. ಕಾರವಾರದ ಕೂರ್ಮಗಡದ ಸುತ್ತಮುತ್ತ ಗೂನುಬೆನ್ನಿನ ಡಾಲ್ಫಿನ್‌ಗಳು ಮೀನನ್ನು ಬೆನ್ನಟ್ಟುವುದನ್ನೂ ನೋಡಬಹುದು.

ರಂಪಣಿಯವರು ದಡದಿಂದಲೇ ಮೀನನ್ನು ಹೇಗೆ ಗುರುತಿಸುತ್ತಿದ್ದರು?

ರಂಪಣಿ ನೂರಾರು ಮೀಟರ್ ಉದ್ದದ, ಹತ್ತಾರು ಜನ ಸೇರಿ ದಡಕ್ಕೆ ಎಳೆಯುವ ಬಲೆಯಾಗಿತ್ತು. ಒಮ್ಮೆ ತಪ್ಪಾಗಿ ಬಿಟ್ಟರೆ ಇಡೀ ಊರಿನ ಒಂದು ದಿನದ ದುಡಿಮೆ ವ್ಯರ್ಥವಾಗುತ್ತಿತ್ತು. ಹಾಗಾಗಿ ಅನುಭವಿಯೊಬ್ಬ ಎತ್ತರದ ಜಾಗದಲ್ಲಿ ನಿಂತು ನೀರನ್ನು ಓದುತ್ತಿದ್ದ. ಹಿಂಡು ಸಾಗುವ ದಿಕ್ಕು, ಅಂಚಿನ ಆಕಾರ, ನೀರಿನ ಕಂಪನ, ಹಕ್ಕಿಯ ನಡತೆ, ಹಿಂದಿನ ದಿನ ಪಕ್ಕದ ಊರಿನಲ್ಲಿ ಬಿದ್ದ ಮೀನಿನ ಸುದ್ದಿ, ಇವೆಲ್ಲವನ್ನೂ ಕೂಡಿಸಿ ಆತ ನಿರ್ಧರಿಸುತ್ತಿದ್ದನೇ ಹೊರತು ಒಂದು ಲಕ್ಷಣವನ್ನು ನೆಚ್ಚುತ್ತಿರಲಿಲ್ಲ. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದು ಹಿಂಡುಗಳನ್ನು ದಡ ಸೇರುವ ಮೊದಲೇ ಸುತ್ತುವರಿಯತೊಡಗಿದ ಮೇಲೆ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಅವುಗಳ ಜೊತೆಗೆ ಈ ಓದುವ ವಿದ್ಯೆಯೂ ಬಹುಮಟ್ಟಿಗೆ ಹೋಯಿತು. ಕೈರಂಪಣಿ ಎಳೆಯುವ ಹಿರಿಯರಲ್ಲಿ ಅದರ ಉಳಿಕೆ ಇನ್ನೂ ಇದೆ. ಅವರನ್ನು ಕೇಳುವುದಿದ್ದರೆ ಬಲೆ ಎಳೆಯುವಾಗ ಅಲ್ಲ, ಎಳೆದು ಮುಗಿದು ಮೀನು ಪಾಲಾದ ಮೇಲೆ ಕೇಳಬೇಕು.

ರಾತ್ರಿ ನೀರಿನಲ್ಲಿ ನೀಲಿ ಬೆಂಕಿ ಹರಿದಂತೆ ಕಾಣುವುದು ಮೀನೇ?

ಬೆಳಕು ಮೀನಿನದ್ದಲ್ಲ, ನೊಕ್ಟಿಲೂಕಾದಂಥ ಸೂಕ್ಷ್ಮಜೀವಿಗಳು ನೀರು ಕಲಕಿದಾಗ ಮಿನುಗುತ್ತವೆ. 2020ರ ನವೆಂಬರಿನಲ್ಲಿ ನಮ್ಮ ಕರಾವಳಿಯ ಹಲವೆಡೆ ಅಲೆಗಳೇ ನೀಲಿಯಾಗಿ ಹೊಳೆದದ್ದನ್ನು ಬಹಳ ಜನ ನೋಡಿದ್ದಾರೆ. ಅಂಥ ನೀರಿನಲ್ಲಿ ಹಿಂಡು ಸಾಗಿದರೆ ಅದರ ದಾರಿ ಬೆಳಕಿನ ಪಟ್ಟೆಯಾಗುತ್ತದೆ. ಗಾತ್ರ ಮತ್ತು ವೇಗ ತಿಳಿಯಬಹುದು, ಜಾತಿ ತಿಳಿಯದು.

ಗುರುತಿಸಿಕೊಡಿ ಎಂದು ಕೇಳುವಾಗ ಏನೇನು ಕಳಿಸಬೇಕು?

ಒಂದು ಒಳ್ಳೆಯ ಫೋಟೋಗಿಂತ ಇಪ್ಪತ್ತು ಸೆಕೆಂಡಿನ ಅಲುಗಾಡದ ವಿಡಿಯೋ ಮೇಲು. ಸೂರ್ಯ ಬೆನ್ನಿನ ಹಿಂದಿರಲಿ, ಪ್ರತಿಫಲನ ತಡೆಯುವ ಪೋಲರೈಸ್ಡ್ ಕನ್ನಡಕವಿದ್ದರೆ ಅದನ್ನು ಮೊಬೈಲಿನ ಲೆನ್ಸಿಗೆ ಅಡ್ಡ ಹಿಡಿದು ತಿರುಗಿಸಿ ನೋಡಿ. ಒಂದು ಕೋನದಲ್ಲಿ ನೀರಿನ ಮೇಲಿನ ಹೊಳಪು ಅಳಿದು ಒಳಗಿನ ಮೀನು ಎದ್ದು ಕಾಣುತ್ತದೆ. ದಿನಾಂಕ, ಗಂಟೆ, ಉಬ್ಬರವೋ ಇಳಿತವೋ, ನೀರಿನ ಆಳ, ತಳ ಮರಳೋ ಕೆಸರೋ ಬಂಡೆಯೋ ಎಂಬುದನ್ನು ಬರೆಯಿರಿ. ಸ್ಥಳೀಯರು ಹೇಳಿದ ಹೆಸರನ್ನು ಕೇಳಿದ ಹಾಗೆಯೇ, ತಿದ್ದದೆ ಬರೆಯಿರಿ. ಉದ್ದ ಗೊತ್ತಿಲ್ಲದಿದ್ದರೆ ಬಿಟ್ಟುಬಿಡಿ; ಊಹೆಯ ಉದ್ದ ನಮ್ಮನ್ನು ದಾರಿ ತಪ್ಪಿಸಿದಷ್ಟು ಇನ್ನಾವುದೂ ತಪ್ಪಿಸಿಲ್ಲ.

ದಡಕ್ಕೆ ಬಂದು ಬಿದ್ದ ಬೂತಾಯಿ, ಬಂಗುಡೆಯನ್ನು ತಿನ್ನಬಹುದೇ?

ಕಣ್ಣೆದುರೇ ಜೀವಂತವಾಗಿ ಅಲೆಯೊಡನೆ ಬಂದು ಬಿದ್ದದ್ದಾದರೆ, ನೀರಿನಲ್ಲಿ ಮೇಲೆ ಹೇಳಿದ ಉಸಿರುಗಟ್ಟಿದ ಲಕ್ಷಣಗಳಿಲ್ಲದಿದ್ದರೆ, ಮತ್ತು ತಕ್ಷಣ ಮಂಜುಗಡ್ಡೆಯಲ್ಲಿಟ್ಟರೆ ತಿನ್ನಬಹುದು. ಯಾವಾಗ ಸತ್ತಿತೆಂದು ತಿಳಿಯದ ಮೀನನ್ನು ಮುಟ್ಟಬೇಡಿ. ಈ ಎರಡು ಮೀನುಗಳ ಮಾಂಸದಲ್ಲಿ, ಮಂಜಿಲ್ಲದೆ ಬಿಸಿಲಿನಲ್ಲಿ ಇಟ್ಟರೆ, ಕೆಲವೇ ಗಂಟೆಗಳಲ್ಲಿ ಹಿಸ್ಟಮಿನ್ ಸೇರಿಕೊಳ್ಳುತ್ತದೆ. ಮುಖ ಕೆಂಪಾಗುವುದು, ತುರಿಕೆ, ತಲೆನೋವು ಅದರ ಲಕ್ಷಣಗಳು. ಎಷ್ಟು ಹೊತ್ತು ಕುದಿಸಿದರೂ, ಎಷ್ಟು ಹುಳಿ ಹಾಕಿದರೂ ಹಿಸ್ಟಮಿನ್ ಹೋಗುವುದಿಲ್ಲ.